ರಕ್ತದಲ್ಲಿನ ಕುರುಹು: ಪ್ರಾಸ್ಟೇಟ್ ಕ್ಯಾನ್ಸರ್ ಪತ್ತೆಯ ಚರಿತ್ರೆಯ ಕೆಲವು ಘಟ್ಟಗಳು

ಕುರುಹು ಮತ್ತು ಅರಿವು ಎಂಬ ಎರಡು ಪದಗಳ ನಡುವಣ ಅಂತರವನ್ನು ನಮ್ಮ ವಚನ ಪರಂಪರೆಯು ಬಹು ಹಿಂದೆಯೇ ಚರ್ಚೆಗೆ ಎತ್ತಿಕೊಂಡಿದೆ. ಕಣ್ಣಿಗೆ ಕಾಣುವ, ಕೈಗೆ ಸಿಗುವ ಗುರುತು ಕುರುಹು; ಆ ಗುರುತು ಯಾವುದನ್ನು ಸೂಚಿಸುತ್ತದೆಯೋ ಅದರ ನಿಜವಾದ ತಿಳಿವು ಅರಿವು. ಕುರುಹು ದೊರೆತ ಮಾತ್ರಕ್ಕೆ ಅರಿವು ದೊರೆಯಿತೆಂದು ಭಾವಿಸಲಾಗದು ಎಂಬ ಎಚ್ಚರ ಆ ಚರ್ಚೆಯ ಒಳಗೇ ಇದೆ. ಆಧ್ಯಾತ್ಮಿಕ ಸಂದರ್ಭದ ಈ ಪದಜೋಡಿಯನ್ನು ವೈದ್ಯವಿಜ್ಞಾನದ ಚರಿತ್ರೆಗೆ ಯಥಾವತ್ತಾಗಿ ಅನ್ವಯಿಸುವುದು ಸಾಧುವಲ್ಲ. ಆದರೂ ಪುರುಷರ ಒಂದು ರೋಗವನ್ನು ರಕ್ತದ ಕೆಲವು ಹನಿಗಳಲ್ಲಿ ಗುರುತಿಸಲು ಸುಮಾರು ಎಂಟೂವರೆ ದಶಕಗಳಿಂದ ನಡೆದು ಬಂದಿರುವ ಪ್ರಯತ್ನಗಳನ್ನು ಅವಲೋಕಿಸಿದಾಗ ಈ ಜೋಡಿ ಮತ್ತೆ ಮತ್ತೆ ನೆನಪಾಗುತ್ತದೆ. ರಕ್ತದಲ್ಲಿ ಕುರುಹುಗಳು ಹೇರಳವಾಗಿ ದೊರೆತಿವೆ. ಅವು ಯಾವುದರ ಕುರುಹು ಎಂಬ ಪ್ರಶ್ನೆಯೇ ಪ್ರತಿ ಘಟ್ಟದಲ್ಲಿಯೂ ವಿವಾದಕ್ಕೆ ಒಳಗಾಗಿದೆ.

ಜಾನಪದದ ಅಧ್ಯಯನಕಾರರು ಇಂಥ ವಿಷಯಕ್ಕೆ ಕೈಹಾಕುವ ಔಚಿತ್ಯವೇನೆಂದು ಕೇಳಬಹುದು. ಜನಪದ ವೈದ್ಯವೆಂದರೆ ಗಿಡಮೂಲಿಕೆ, ಮಂತ್ರ, ಹರಕೆಗಳ ಸಂಗ್ರಹವೆಂಬ ಗ್ರಹಿಕೆ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಪ್ರಯೋಗಾಲಯಕ್ಕೂ ತನ್ನದೇ ಆದ ನಾಮಕರಣ ಪದ್ಧತಿಯಿದೆ, ಅನುಭವ ಕಥನಗಳಿವೆ, ಮೂಲ ಯಾರದೆಂಬ ಜಗಳಗಳಿವೆ, ಸಿದ್ಧಾಂತಕ್ಕೆ ಹೆಸರು ಕೊಟ್ಟ ನಗೆಚಾಟಿಕೆಯೂ ಇದೆ. ಈ ಪ್ರಬಂಧವು ಅವುಗಳತ್ತ ಗಮನ ಹರಿಸುತ್ತದೆ. ವೈದ್ಯಕೀಯ ಸಲಹೆ ನೀಡುವುದು ಇದರ ಉದ್ದೇಶವಲ್ಲ.

೧

ಪ್ರಾಸ್ಟೇಟ್ ಗ್ರಂಥಿಯು ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಬಳಸಿಕೊಂಡಿರುವ ಅಡಿಕೆಗಿಂತ ತುಸು ದೊಡ್ಡದಾದ ಅಂಗ. ವೀರ್ಯದ ದ್ರವಭಾಗದ ಒಂದು ಪಾಲನ್ನು ಉತ್ಪಾದಿಸುವುದು ಅದರ ಕೆಲಸ. ನಮ್ಮ ಹಳ್ಳಿಗಳ ಮಾತಿನಲ್ಲಿ ಈ ಅಂಗಕ್ಕೆ ಪ್ರತ್ಯೇಕ ಹೆಸರಿರುವುದು ಈ ಲೇಖಕನಿಗೆ ಕ್ಷೇತ್ರಕಾರ್ಯದಲ್ಲಿ ಎಲ್ಲಿಯೂ ಕಂಡುಬಂದಿಲ್ಲ. ‘ಉಚ್ಚೆ ಕಟ್ಟುವುದು’ ಎಂಬ ಬಾಧೆಗೆ ಹೆಸರಿದೆ, ಅದಕ್ಕೆ ಕಾರಣವಾದ ಅಂಗಕ್ಕಿಲ್ಲ. ವಯಸ್ಸಾದ ಗಂಡಸರಿಗೆ ಇದು ಇದ್ದದ್ದೇ ಎಂಬ ಮಾತಿನಲ್ಲಿ ವಿಷಯ ಮುಗಿದುಹೋಗುತ್ತದೆ. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ವಾತಾಷ್ಠೀಲಾ ಎಂಬ, ಕಲ್ಲಿನಂತೆ ಗಟ್ಟಿಯಾಗಿ ಮೂತ್ರವನ್ನು ತಡೆಯುವ ಗಂಟಿನ ವರ್ಣನೆಯಿದ್ದು, ಈಚಿನ ಆಯುರ್ವೇದ ಲೇಖಕರು ಅದನ್ನು ಪ್ರಾಸ್ಟೇಟ್ ಹಿಗ್ಗುವಿಕೆಗೆ ಸಮೀಕರಿಸುತ್ತಾರೆ. ಹಳೆಯ ಪಠ್ಯದಲ್ಲಿ ಹೊಸ ಅಂಗರಚನಾಶಾಸ್ತ್ರವನ್ನು ಓದುವ ಈ ಉತ್ಸಾಹವನ್ನು ತುಸು ಸಂಯಮದಿಂದ ನೋಡುವುದು ಒಳ್ಳೆಯದು. ಕ್ಯಾನ್ಸರಿಗಂತೂ ಅರ್ಬುದ, ಏಡಿಗಂತಿ ಎಂಬ ಗ್ರಂಥಸ್ಥ ಪದಗಳಿದ್ದರೂ ಬಳಕೆಯಲ್ಲಿ ಉಳಿದದ್ದು ಕ್ಯಾನ್ಸರ್ ಎಂಬುದೇ.

ಈ ಗ್ರಂಥಿಯ ಕ್ಯಾನ್ಸರನ್ನು ಸೂಕ್ಷ್ಮದರ್ಶಕದ ಆಧಾರದಿಂದ ಮೊದಲಿಗೆ ದಾಖಲಿಸಿದವನು ಲಂಡನ್ ಹಾಸ್ಪಿಟಲಿನ ಶಸ್ತ್ರವೈದ್ಯ ಜಾನ್ ಆಡಮ್ಸ್, ಕಾಲ ೧೮೫೩. ಅದು ಅತ್ಯಂತ ವಿರಳವಾದ ರೋಗವೆಂದು ಆತ ಅಭಿಪ್ರಾಯಪಟ್ಟಿದ್ದ. ಇದಾದ ಎಂಟು ದಶಕಗಳ ನಂತರ, ೧೯೩೫ರಲ್ಲಿ, ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯ ರೋಗವಿಜ್ಞಾನಿ ಆರ್ನಾಲ್ಡ್ ರಿಚ್ ಬೇರೆ ಬೇರೆ ಕಾರಣಗಳಿಂದ ಸತ್ತ, ಐವತ್ತು ದಾಟಿದ ಪುರುಷರ ಶವಪರೀಕ್ಷೆಗಳನ್ನು ಪರಿಶೀಲಿಸಿ, ಅವರಲ್ಲಿ ನೂರಕ್ಕೆ ಹದಿನಾಲ್ಕರಷ್ಟು ಮಂದಿಯ ಪ್ರಾಸ್ಟೇಟಿನಲ್ಲಿ ಯಾರಿಗೂ ತಿಳಿಯದೆ ಉಳಿದಿದ್ದ ಕ್ಯಾನ್ಸರ್ ಇದ್ದುದನ್ನು ತೋರಿಸಿದ. ಅಂದರೆ ಈ ರೋಗಕ್ಕೆ ಎರಡು ಮುಖಗಳಿವೆ. ಒಂದು, ಮೂಳೆಗಳಿಗೆ ಹರಡಿ, ತೀವ್ರ ನೋವು ಕೊಟ್ಟು ಕೊಲ್ಲುವಂಥದ್ದು. ಇನ್ನೊಂದು, ಮನುಷ್ಯನೊಂದಿಗೇ ಮುದಿಯಾಗಿ ಅವನೊಂದಿಗೇ ಮಣ್ಣಾಗುವಂಥದ್ದು. ಮುಂದಿನ ಎಲ್ಲ ಪರೀಕ್ಷೆಗಳ ಭವಿಷ್ಯವೂ ರಿಚ್‌ನ ಈ ಶೋಧದಲ್ಲಿಯೇ ಅಡಗಿತ್ತು ಎನ್ನಬಹುದು. ಆದರೆ ಐದು ದಶಕಗಳ ಕಾಲ ಅದು ಶವಪರೀಕ್ಷಕರ ಕೋಣೆಯ ತಿಳಿವಳಿಕೆಯಾಗಿಯೇ ಉಳಿಯಿತು.

೨

ರಕ್ತದಲ್ಲಿ ಮೊದಲ ಕುರುಹು ದೊರೆತದ್ದು ಸರಿಸುಮಾರು ಅದೇ ಕಾಲದಲ್ಲಿ. ಮನುಷ್ಯನ ಪ್ರಾಸ್ಟೇಟಿನಲ್ಲಿ ಆಸಿಡ್ ಫಾಸ್ಫಟೇಸ್ ಎಂಬ ಕಿಣ್ವ ವಿಪುಲವಾಗಿದೆಯೆಂದು ೧೯೩೫ರಲ್ಲಿ ಕುಚರ್ ಮತ್ತು ವೋಲ್ಬರ್ಗ್ಸ್ ಎಂಬ ಜರ್ಮನ್ ಸಂಶೋಧಕರು ಕಂಡುಕೊಂಡರು. ನ್ಯೂಯಾರ್ಕಿನ ಅಲೆಕ್ಸಾಂಡರ್ ಗುಟ್ಮನ್ ಮತ್ತು ಎಥೆಲ್ ಗುಟ್ಮನ್ ೧೯೩೮ರಲ್ಲಿ, ಕ್ಯಾನ್ಸರ್ ಮೂಳೆಗಳಿಗೆ ಹರಡಿದ ರೋಗಿಗಳ ರಕ್ತಸಾರದಲ್ಲಿ ಈ ಕಿಣ್ವದ ಪ್ರಮಾಣ ಏರಿರುವುದನ್ನು ಪ್ರಕಟಿಸಿದರು. ಒಂದು ಘನಗಂತಿಯ ಹರಡುವಿಕೆಯನ್ನು ರಕ್ತಪರೀಕ್ಷೆಯಿಂದ ಹೇಳಬಹುದೆಂಬ ವಿಚಾರಕ್ಕೆ ಇದು ಭದ್ರವಾದ ತಳಹದಿಯನ್ನು ಒದಗಿಸಿತು.

ಮೂರೇ ವರ್ಷಗಳಲ್ಲಿ, ೧೯೪೧ರಲ್ಲಿ, ಷಿಕಾಗೋದ ಚಾರ್ಲ್ಸ್ ಹಗಿನ್ಸ್ ಮತ್ತು ಕ್ಲಾರೆನ್ಸ್ ಹಾಜಸ್ ಇದೇ ಕಿಣ್ವವನ್ನು ಅಳತೆಗೋಲಾಗಿ ಬಳಸಿ ವೃಷಣಗಳನ್ನು ತೆಗೆದಾಗ ಅದರ ಮಟ್ಟ ಇಳಿಯುವುದನ್ನೂ ಪುರುಷ ಹಾರ್ಮೋನನ್ನು ಚುಚ್ಚಿದಾಗ ಏರುವುದನ್ನೂ ತೋರಿಸಿದರು. ಕ್ಯಾನ್ಸರಿನ ಬೆಳವಣಿಗೆ ಹಾರ್ಮೋನನ್ನು ಅವಲಂಬಿಸಿರಬಲ್ಲದೆಂಬ ಈ ಶೋಧಕ್ಕಾಗಿ ಹಗಿನ್ಸ್‌ಗೆ ೧೯೬೬ರಲ್ಲಿ ನೊಬೆಲ್ ಪುರಸ್ಕಾರದ ಪಾಲು ದೊರೆಯಿತು. ಮರುಗಳಿಗೆಯಲ್ಲಿ ಕಿಣ್ವದ ಏರಿಳಿತ ಕಾಣದೆ ಹೋಗಿದ್ದರೆ ರೋಗಿಯ ನೋವು ಇಳಿಯಿತೆಂಬ ಮಾತಷ್ಟೇ ಸಾಕ್ಷಿಯಾಗಿ ಉಳಿಯುತ್ತಿತ್ತು. ಅಂಥ ಸಾಕ್ಷಿಯನ್ನು ವೈದ್ಯಲೋಕ ಎಷ್ಟರಮಟ್ಟಿಗೆ ನಂಬುತ್ತಿತ್ತೋ ಹೇಳಲಾಗದು.

ಆದರೆ ಆಸಿಡ್ ಫಾಸ್ಫಟೇಸ್ ತಡವಾಗಿ ಬರುವ ದೂತ. ರೋಗ ಮೂಳೆಗೆ ತಲುಪಿದ ಮೇಲೆ ಅದು ಸುದ್ದಿ ತರುತ್ತಿತ್ತು. ಗ್ರಂಥಿಯೊಳಗೇ ಇರುವ, ತೆಗೆದುಹಾಕಬಹುದಾದ ಗಂತಿಯ ವಿಷಯದಲ್ಲಿ ಅದು ಬಹುಮಟ್ಟಿಗೆ ಮೌನ.

೩

ಮುಂದಿನ ಕುರುಹಿನ ಚರಿತ್ರೆ ಜಾನಪದ ವಿದ್ಯಾರ್ಥಿಗೆ ಹೆಚ್ಚು ಪರಿಚಿತವಾದ ಸ್ವರೂಪದ್ದು. ಪ್ರಾಸ್ಟೇಟ್ ಸ್ಪೆಸಿಫಿಕ್ ಆಂಟಿಜನ್, ಅಂದರೆ ಇಂದು ಪಿಎಸ್ಎ ಎಂದು ಪ್ರಯೋಗಾಲಯದ ಚೀಟಿಗಳಲ್ಲಿ ಕಾಣುವ ಪ್ರೋಟೀನನ್ನು ಕಂಡುಹಿಡಿದವರು ಯಾರೆಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ರೂಬಿನ್ ಫ್ಲಾಕ್ಸ್ ೧೯೬೦ರಲ್ಲಿ ಪ್ರಾಸ್ಟೇಟಿನ ಪ್ರತಿಜನಕಗಳ ಮೇಲೆ ಪ್ರಯೋಗ ನಡೆಸಿದ್ದ. ರಿಚರ್ಡ್ ಆಬ್ಲಿನ್ ೧೯೭೦ರಲ್ಲಿ ಈ ಅಂಗಕ್ಕೇ ವಿಶಿಷ್ಟವಾದ ಪ್ರತಿಜನಕವನ್ನು ವರದಿಮಾಡಿದ. ಜಪಾನಿನ ಮಿಟ್ಸುವೊ ಹಾರಾ ಮತ್ತು ಸಂಗಡಿಗರು ೧೯೭೧ರಲ್ಲಿ ವೀರ್ಯದ್ರವದಿಂದ ಗಾಮಾ-ಸೆಮಿನೋಪ್ರೋಟೀನ್ ಎಂಬುದನ್ನು ಬೇರ್ಪಡಿಸಿದರು. ಲಿ ಮತ್ತು ಬೆಲಿಂಗ್ ೧೯೭೩ರಲ್ಲಿ ಮತ್ತೊಂದು ಹೆಸರಿನಿಂದ ಅದನ್ನು ವಿವರಿಸಿದರು. ಅಮೆರಿಕದ ಜಾರ್ಜ್ ಸೆನ್ಸಬಾ ೧೯೭೮ರಲ್ಲಿ ಪಿ೩೦ ಎಂದು ಕರೆದ. ಹಾರಾ ಹಾಗೂ ಸೆನ್ಸಬಾ ಅವರ ಆಸಕ್ತಿ ಕ್ಯಾನ್ಸರಿನದಾಗಿರಲಿಲ್ಲ; ಅತ್ಯಾಚಾರದ ಪ್ರಕರಣಗಳಲ್ಲಿ ವೀರ್ಯದ ಇರವನ್ನು ಸಾಬೀತುಪಡಿಸುವ ನ್ಯಾಯವೈದ್ಯಕೀಯ ಸಾಕ್ಷ್ಯ ಅವರಿಗೆ ಬೇಕಿತ್ತು. ಬಫಲೋ ನಗರದ ರಾಸ್ವೆಲ್ ಪಾರ್ಕ್ ಸಂಸ್ಥೆಯಲ್ಲಿ ವಾಂಗ್, ಚು ಮತ್ತು ಸಂಗಡಿಗರು ೧೯೭೯ರಲ್ಲಿ ಪ್ರಾಸ್ಟೇಟ್ ಅಂಗಾಂಶದಿಂದ ಪ್ರೋಟೀನನ್ನು ಶುದ್ಧೀಕರಿಸಿದರು. ಅದೇ ಸಂಸ್ಥೆಯ ಪ್ಯಾಪ್ಸಿಡೆರೊ ೧೯೮೦ರಲ್ಲಿ ರೋಗಿಗಳ ರಕ್ತದಲ್ಲಿ ಅದನ್ನು ಪತ್ತೆಹಚ್ಚಿದ. ಆನಂತರವಷ್ಟೇ ಇವುಗಳಲ್ಲಿ ಹಲವು ಒಂದೇ ವಸ್ತುವಿನ ಬೇರೆ ಬೇರೆ ಹೆಸರುಗಳೆಂಬುದು ಸ್ಪಷ್ಟವಾಯಿತು.

ಕಾರ್ಲೆ ಕ್ರೋನ್, ಆಂಟಿ ಆರ್ನೆ ಮೊದಲಾದ ಫಿನ್ನಿಷ್ ವಿದ್ವಾಂಸರು ಒಂದು ಕಥೆಯ ಹಲವು ಪಾಠಗಳನ್ನು ಕೂಡಿಹಾಕಿ ಮೂಲರೂಪವನ್ನು ಪುನರ್ರಚಿಸಲು ಹೊರಟರು. ಮೂಲವೊಂದು ಇದ್ದೇ ಇರಬೇಕೆಂಬ ಅವರ ನಂಬಿಕೆಯನ್ನು ಮುಂದಿನ ಜಾನಪದ ಅಧ್ಯಯನ ಪ್ರಶ್ನಿಸಿತು. ಪಿಎಸ್ಎ ವಿಷಯದಲ್ಲಿ ಆದ್ಯತೆಯ ಜಗಳವೂ ಇದೇ ಬಗೆಯದು. ಪ್ರತಿಯೊಬ್ಬರೂ ತಮ್ಮ ಅಗತ್ಯಕ್ಕೆ ತಕ್ಕ ಪಾಠವನ್ನು ಕಟ್ಟಿಕೊಂಡರು. ಕೊನೆಗೆ ಉಳಿದ ಹೆಸರು ಬಫಲೋ ಪಾಠದ್ದು, ಮತ್ತು ಆ ಹೆಸರಿನಲ್ಲಿಯೇ ಒಂದು ಎಡವಟ್ಟಿದೆ. ‘ಸ್ಪೆಸಿಫಿಕ್’ ಎಂಬುದು ಅಂಗಕ್ಕೆ ಸಂಬಂಧಿಸಿದ ಮಾತು, ಕ್ಯಾನ್ಸರಿಗಲ್ಲ. ಈ ಪ್ರೋಟೀನಿನ ಸಹಜ ಕೆಲಸ ಹೆಪ್ಪುಗಟ್ಟಿದ ವೀರ್ಯವನ್ನು ತಿಳಿಯಾಗಿಸುವುದು. ಗ್ರಂಥಿ ಹಿಗ್ಗಿದರೂ, ಸೋಂಕು ತಗುಲಿದರೂ ಅದು ರಕ್ತಕ್ಕೆ ಹೆಚ್ಚಾಗಿ ಸೋರುತ್ತದೆ. ಮನೆಯಿಂದ ಹೊಗೆ ಬರುತ್ತಿದೆಯೆಂದರೆ ಒಲೆ ಉರಿಯುತ್ತಿರಬಹುದು, ಮನೆಯೇ ಉರಿಯುತ್ತಿರಬಹುದು.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ೧೯೮೬ರಲ್ಲಿ ಈ ಪರೀಕ್ಷೆಗೆ ಅನುಮತಿ ನೀಡಿದ್ದು ರೋಗ ಈಗಾಗಲೇ ಪತ್ತೆಯಾದವರ ಮೇಲ್ವಿಚಾರಣೆಗಾಗಿ ಮಾತ್ರ. ಈ ಉದ್ದೇಶಕ್ಕೆ ಅದು ಅತ್ಯುತ್ತಮ ಸಾಧನವೆಂಬುದರಲ್ಲಿ ಅಂದೂ ಇಂದೂ ಭಿನ್ನಾಭಿಪ್ರಾಯವಿಲ್ಲ. ಗ್ರಂಥಿಯನ್ನೇ ತೆಗೆದ ಮೇಲೆ ಪಿಎಸ್ಎ ಶೂನ್ಯಕ್ಕೆ ಹತ್ತಿರವಿರಬೇಕು. ಮತ್ತೆ ಏರಿದರೆ ರೋಗ ಎಲ್ಲಿಯೋ ಉಳಿದಿದೆ. ಸ್ಟ್ಯಾನ್‌ಫರ್ಡ್‌ನ ಥಾಮಸ್ ಸ್ಟೇಮಿ ೧೯೮೭ರಲ್ಲಿ ಪ್ರಕಟಿಸಿದ ಅಧ್ಯಯನ ಪಿಎಸ್ಎ ಮಟ್ಟಕ್ಕೂ ಗಂತಿಯ ಗಾತ್ರ ಹಾಗೂ ಹಂತಕ್ಕೂ ಇರುವ ಸಂಬಂಧವನ್ನು ಸ್ಥಾಪಿಸಿತು. ಸೇಂಟ್ ಲೂಯಿಸಿನ ವಿಲಿಯಂ ಕ್ಯಾಟಲೋನಾ ೧೯೯೧ರಲ್ಲಿ ಯಾವ ಲಕ್ಷಣವೂ ಇಲ್ಲದ ಪುರುಷರಲ್ಲಿ ತಪಾಸಣೆಗೆ ಇದನ್ನು ಬಳಸಬಹುದೆಂದು ವಾದಿಸಿದ. ಕ್ಯಾನ್ಸರಿನ ಪತ್ತೆಗೆ ನೆರವಾಗುವ ಪರೀಕ್ಷೆಯಾಗಿ ೧೯೯೪ರಲ್ಲಿ ಅಧಿಕೃತ ಅನುಮತಿಯೂ ಬಂದಿತು. ಮಿಲಿಲೀಟರಿಗೆ ೪ ನ್ಯಾನೋಗ್ರಾಂ ಎಂಬ ಸಂಖ್ಯೆ ಸಹಜಕ್ಕೂ ಅಸಹಜಕ್ಕೂ ನಡುವಣ ಗಡಿಕಲ್ಲಾಯಿತು. ಆ ಗಡಿಕಲ್ಲು ಎಷ್ಟು ಸಡಿಲವೆಂಬುದು ೨೦೦೪ರಲ್ಲಿ ತಿಳಿಯಿತು. ಪಿಎಸ್ಎ ಮಟ್ಟ ಏಳು ವರ್ಷಗಳ ಕಾಲ ೪ಕ್ಕಿಂತ ಮೇಲೇರದಿದ್ದ ೨,೯೫೦ ಪುರುಷರಿಗೆ ಅಂಗಾಂಶ ಪರೀಕ್ಷೆ ಮಾಡಿದಾಗ ಶೇಕಡಾ ೧೫.೨ರಷ್ಟು ಮಂದಿಯಲ್ಲಿ ಕ್ಯಾನ್ಸರ್ ಕಂಡುಬಂದಿತು. ಗಡಿಯ ಈಚೆಗೂ ರೋಗ, ಆಚೆಗೂ ಆರೋಗ್ಯ.

ನಡುವೆ ಒಂದು ಸುಧಾರಣೆಯನ್ನು ಹೆಸರಿಸಲೇಬೇಕು. ಹೆಲ್ಸಿಂಕಿಯ ಉಲ್ಫ್-ಹಾಕನ್ ಸ್ಟೆನ್‌ಮನ್ ಮತ್ತು ಸ್ವೀಡನ್ನಿನ ಹಾನ್ಸ್ ಲಿಲ್ಯಾ ೧೯೯೧ರ ಸುಮಾರಿಗೆ ಪಿಎಸ್ಎ ರಕ್ತದಲ್ಲಿ ಬಿಡಿಯಾಗಿಯೂ ಮತ್ತೊಂದು ಪ್ರೋಟೀನಿಗೆ ಅಂಟಿಕೊಂಡೂ ಸಂಚರಿಸುತ್ತದೆಯೆಂದು ತೋರಿಸಿದರು. ಕ್ಯಾನ್ಸರ್ ಇದ್ದವರಲ್ಲಿ ಬಿಡಿ ಪಿಎಸ್ಎ ಪಾಲು ಕಡಿಮೆ. (ಪಾಠಾಂತರಗಳ ವಿಂಗಡಣೆಗೆ ಇಲ್ಲಿಯೂ ಫಿನ್ಲೆಂಡಿನವರೇ ಒದಗಿದರೆಂಬುದು ಕೇವಲ ಕಾಕತಾಳೀಯ.)

೪

ಪರೀಕ್ಷೆಯೊಂದು ಪುರಾವೆಗಿಂತ ವೇಗವಾಗಿ ಹೇಗೆ ಹರಡಿತು? ಇದಕ್ಕೆ ಹಲವು ಕಾರಣಗಳಿವೆ. ನರಗಳನ್ನು ಉಳಿಸಿ ಗ್ರಂಥಿಯನ್ನು ತೆಗೆಯುವ ವಿಧಾನವನ್ನು ಪ್ಯಾಟ್ರಿಕ್ ವಾಲ್ಷ್ ೧೯೮೨ರಲ್ಲಿ ರೂಪಿಸಿದ್ದರಿಂದ ಶಸ್ತ್ರಚಿಕಿತ್ಸೆ ಮೊದಲಿಗಿಂತ ಸಹನೀಯವಾಗಿತ್ತು. ಅಮೆರಿಕದಲ್ಲಿ ೧೯೮೯ರಿಂದ ಪ್ರಾಸ್ಟೇಟ್ ಕ್ಯಾನ್ಸರ್ ಜಾಗೃತಿ ಸಪ್ತಾಹಗಳು ಆರಂಭಗೊಂಡು ಉಚಿತ ತಪಾಸಣೆಗಳು ನಡೆದವು. ಸೆನೆಟರ್ ಬಾಬ್ ಡೋಲ್, ಸೇನಾನಿ ನಾರ್ಮನ್ ಶ್ವಾರ್ಜ್‌ಕಾಫ್, ಇಂಟೆಲ್ ಕಂಪನಿಯ ಆಂಡಿ ಗ್ರೋವ್ ಮೊದಲಾದವರು ತಮ್ಮ ರೋಗಾನುಭವವನ್ನು ಸಾರ್ವಜನಿಕವಾಗಿ ಹೇಳಿಕೊಂಡರು. ಗ್ರೋವ್ ಅವರ ಬರಹ ೧೯೯೬ರಲ್ಲಿ ಫಾರ್ಚೂನ್ ಪತ್ರಿಕೆಯ ಮುಖಪುಟ ಲೇಖನವಾಯಿತು. ಅಂಚೆ ಇಲಾಖೆ ೧೯೯೯ರಲ್ಲಿ ಈ ರೋಗದ ಜಾಗೃತಿಗಾಗಿ ಅಂಚೆಚೀಟಿಯನ್ನೇ ಹೊರತಂದಿತು. ಗಂಡಸರು ಮಾತನಾಡಲು ಹಿಂಜರಿಯುತ್ತಿದ್ದ ವಿಷಯವೊಂದಕ್ಕೆ ನಾಲಿಗೆ ಬಂದದ್ದು ಸಣ್ಣ ಸಂಗತಿಯಲ್ಲ.

ಸ್ವೀಡನ್ನಿನ ಜಾನಪದ ವಿದ್ವಾಂಸ ಫಾನ್ ಸೀಡೋ ೧೯೩೪ರಲ್ಲಿ ‘ಮೆಮೊರಾಟ್’ ಎಂಬ ಪ್ರಕಾರವನ್ನು ಗುರುತಿಸಿದ. ಹೇಳುವವನು ತನಗೇ ಆದದ್ದನ್ನು ಹೇಳುವ, ನಂಬಿಕೆಯನ್ನು ದೃಢಪಡಿಸುವ ಅನುಭವ ಕಥನವಿದು. ದೆವ್ವ ಕಂಡವನ ಕಥೆ, ಹರಕೆ ಫಲಿಸಿದವಳ ಕಥೆ ಈ ಪ್ರಕಾರಕ್ಕೆ ಸೇರುತ್ತವೆ. ಪರೀಕ್ಷೆ ಮಾಡಿಸಿಕೊಂಡೆ, ರೋಗ ಸಿಕ್ಕಿತು, ತೆಗೆಸಿಕೊಂಡೆ, ಉಳಿದೆ ಎಂಬ ನಾಲ್ಕು ಹೆಜ್ಜೆಗಳ ಕಥನದ ಆಶಯಬಂಧವೂ ಅದೇ. ಇದರಲ್ಲೊಂದು ತಾರ್ಕಿಕ ತೊಡಕಿದೆ. ಆ ವ್ಯಕ್ತಿಯ ಗಂತಿ ರಿಚ್ ಶವಪರೀಕ್ಷೆಯಲ್ಲಿ ಕಂಡ ಬಗೆಯದಾಗಿದ್ದರೆ, ಚಿಕಿತ್ಸೆಯಿಲ್ಲದೆಯೂ ಆತ ಉಳಿಯುತ್ತಿದ್ದ. ಆದರೆ ಅದು ಆತನಿಗಾಗಲಿ ವೈದ್ಯರಿಗಾಗಲಿ ಎಂದಿಗೂ ಗೊತ್ತಾಗುವುದಿಲ್ಲ. ನಿಜವಾಗಿ ಬದುಕುಳಿದವನೂ ಅನಗತ್ಯವಾಗಿ ಚಿಕಿತ್ಸೆ ಪಡೆದವನೂ ಅಕ್ಷರಶಃ ಒಂದೇ ಕಥೆಯನ್ನು ಹೇಳುತ್ತಾರೆ. ಮೂತ್ರದ ಹಿಡಿತ ತಪ್ಪಿದವನು, ದಾಂಪತ್ಯ ಸುಖ ಕಳೆದುಕೊಂಡವನು ಕೂಡ ಅದನ್ನು ಪ್ರಾಣಕ್ಕೆ ತೆತ್ತ ಬೆಲೆಯೆಂದೇ ನಿರೂಪಿಸುತ್ತಾನೆ. ತನಗೆ ಅನಗತ್ಯ ಚಿಕಿತ್ಸೆಯಾಯಿತೆಂಬ ಕಥೆಗೆ ನಿರೂಪಕನೇ ಇಲ್ಲ. ಹರಕೆ ಫಲಿಸದವರ ಕಥೆಗಳು ನಮ್ಮ ಸಂಗ್ರಹಗಳಲ್ಲಿ ವಿರಳವಾಗಿರುವುದನ್ನು ಬಲ್ಲವರಿಗೆ ಇದು ಹೊಸತೇನಲ್ಲ. ಹೇಳುವವರನ್ನು ಇಲ್ಲಿ ದೂರುವಂತಿಲ್ಲ, ಅವರು ಸುಳ್ಳಾಡುತ್ತಿಲ್ಲ.

ಆದ್ದರಿಂದ ನಿರೂಪಕನಿಲ್ಲದ ಕಥೆಯನ್ನು ಹೇಳಿಸಲು ಎಣಿಕೆಯೇ ಬೇಕಾಯಿತು. ಅಮೆರಿಕದಲ್ಲಿ ಹೊಸದಾಗಿ ಪತ್ತೆಯಾಗುವ ಪ್ರಕರಣಗಳ ದರ ೧೯೯೨ರಲ್ಲಿ ಉತ್ತುಂಗಕ್ಕೇರಿತು. ೨೦೦೯ರಲ್ಲಿ ಎರಡು ದೊಡ್ಡ ಪ್ರಯೋಗಗಳ ಫಲಿತಾಂಶ ಒಟ್ಟಿಗೆ ಬಂದವು. ಅಮೆರಿಕದ ಪ್ರಯೋಗದಲ್ಲಿ ೭೬,೬೯೩ ಪುರುಷರಿದ್ದರು; ತಪಾಸಣೆಗೆ ಒಳಗಾದವರಲ್ಲಿ ಸಾವು ಕಡಿಮೆಯಾದದ್ದು ಕಾಣಲಿಲ್ಲ. ಆದರೆ ಹೋಲಿಕೆಗೆಂದು ಬಿಟ್ಟಿದ್ದ ಗುಂಪಿನವರಲ್ಲಿಯೂ ಬಹಳಷ್ಟು ಮಂದಿ ಹೊರಗೆ ಪರೀಕ್ಷೆ ಮಾಡಿಸಿಕೊಂಡಿದ್ದರು, ಹಾಗಾಗಿ ಆ ಹೋಲಿಕೆ ದುರ್ಬಲ. ಯುರೋಪಿನ ಏಳು ದೇಶಗಳ ಸುಮಾರು ೧,೮೨,೦೦೦ ಪುರುಷರ ಪ್ರಯೋಗದಲ್ಲಿ ಈ ರೋಗದಿಂದಾಗುವ ಸಾವು ಶೇಕಡಾ ೨೦ರಷ್ಟು ಇಳಿಯಿತು. ಒಂದು ಸಾವನ್ನು ತಪ್ಪಿಸಲು ೧,೪೧೦ ಮಂದಿಯನ್ನು ತಪಾಸಣೆ ಮಾಡಿ, ಹೆಚ್ಚುವರಿಯಾಗಿ ೪೮ ಮಂದಿಗೆ ಚಿಕಿತ್ಸೆ ನೀಡಬೇಕೆಂಬುದು ಅಂದಿನ ಲೆಕ್ಕ. ಇಪ್ಪತ್ತಮೂರು ವರ್ಷಗಳ ಅನುಸರಣೆಯ ನಂತರ ೨೦೨೫ರಲ್ಲಿ ಪ್ರಕಟವಾದ ಲೆಕ್ಕದಲ್ಲಿ ಇಳಿಕೆ ಶೇಕಡಾ ೧೩. ತಪಾಸಣೆಗೆ ಆಹ್ವಾನಿತರಾದ ೪೫೬ ಮಂದಿಗೆ ಒಂದರಂತೆ, ಹೆಚ್ಚುವರಿಯಾಗಿ ಪತ್ತೆಯಾದ ೧೨ ಪ್ರಕರಣಗಳಿಗೆ ಒಂದರಂತೆ ಸಾವು ತಪ್ಪಿದೆ. ಪರೀಕ್ಷೆ ಜೀವ ಉಳಿಸುತ್ತದೆ ಎಂಬುದೂ ನಿಜ, ಹನ್ನೊಂದು ಮಂದಿಯ ಪಾಲಿಗೆ ಬೇರೆಯೇ ಫಲವೆಂಬುದೂ ನಿಜ. ಅಮೆರಿಕದ ತಡೆಗಟ್ಟುವ ಸೇವೆಗಳ ಕಾರ್ಯಪಡೆ ೨೦೧೨ರಲ್ಲಿ ತಪಾಸಣೆ ಬೇಡವೆಂದು, ೨೦೧೮ರಲ್ಲಿ ೫೫ರಿಂದ ೬೯ರ ವಯೋಮಾನದವರು ವೈದ್ಯರೊಡನೆ ಚರ್ಚಿಸಿ ತಾವೇ ತೀರ್ಮಾನಿಸಲೆಂದು ಹೇಳಿತು.

ಮೊದಲ ಪಾಠಕಾರರೇ ತಿರುಗಿ ನಿಂತದ್ದು ಈ ಚರಿತ್ರೆಯ ಮತ್ತೊಂದು ವಿಶೇಷ. ಪಿಎಸ್ಎ ಯುಗ ಮುಗಿಯಿತೆಂಬ ಅರ್ಥದ ಶೀರ್ಷಿಕೆಯ ಲೇಖನವನ್ನು ಸ್ಟೇಮಿ ೨೦೦೪ರಲ್ಲಿ ಪ್ರಕಟಿಸಿದ. ಆಬ್ಲಿನ್ ೨೦೧೦ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಸಾಮೂಹಿಕ ತಪಾಸಣೆಯನ್ನು ಲಾಭಕ್ಕಾಗಿ ನಡೆದ ಸಾರ್ವಜನಿಕ ಆರೋಗ್ಯದ ಅನಾಹುತವೆಂದು ಖಂಡಿಸಿದ. ಆತನ ಮಾತಿನಲ್ಲಿ ಅತಿರೇಕವಿದೆ ಎಂಬುದು ಈ ಲೇಖಕನ ಅಭಿಪ್ರಾಯ. ಯುರೋಪಿನ ದೀರ್ಘಕಾಲಿಕ ಅಂಕಿಅಂಶಗಳು ಆ ಖಂಡನೆಯನ್ನು ಪೂರ್ಣವಾಗಿ ಸಮರ್ಥಿಸುವುದಿಲ್ಲ.

೫

ಪ್ರೋಟೀನಿನ ಕುರುಹು ಹೀಗೆ ಅಸ್ಪಷ್ಟವಾದಾಗ ದೃಷ್ಟಿ ವಂಶವಾಹಿಯತ್ತ ತಿರುಗಿದ್ದು ಸಹಜ. ತರ್ಕ ಸುಂದರವಾಗಿತ್ತು. ಪ್ರೋಟೀನು ಗ್ರಂಥಿಯಿಂದ ಸೋರಿ ರಕ್ತಕ್ಕೆ ಬರಬಹುದು. ಆದರೆ ಆ ಪ್ರೋಟೀನನ್ನು ತಯಾರಿಸಲು ವಂಶವಾಹಿ ಹೊರಡಿಸುವ ಸಂದೇಶವಾಹಕ ಆರ್‌ಎನ್ಎ ಬರಿಮೈಯಲ್ಲಿ ರಕ್ತದಲ್ಲಿ ಉಳಿಯಲಾರದು. ಅಲ್ಲಿನ ಕಿಣ್ವಗಳು ಅದನ್ನು ಬೇಗನೆ ಚೂರುಮಾಡುತ್ತವೆ. ಹಾಗಾಗಿ ಪಿಎಸ್ಎ ಸಂದೇಶ ರಕ್ತದಲ್ಲಿ ಸಿಕ್ಕಿತೆಂದರೆ ಅದನ್ನು ಹೊತ್ತ ಜೀವಕೋಶವೇ ಅಲ್ಲಿ ಅಲೆಯುತ್ತಿರಬೇಕು. ಅಂಥ ಕೋಶವನ್ನು ಆಸ್ಟ್ರೇಲಿಯದ ಥಾಮಸ್ ಆಶ್‌ವರ್ತ್ ೧೮೬೯ರಷ್ಟು ಹಿಂದೆಯೇ ಒಬ್ಬ ಮೃತ ರೋಗಿಯ ರಕ್ತದಲ್ಲಿ ಸೂಕ್ಷ್ಮದರ್ಶಕದಿಂದ ಕಂಡಿದ್ದ. ಲಕ್ಷಾಂತರ ಬಿಳಿರಕ್ತಕಣಗಳ ನಡುವೆ ಒಂದನ್ನು ಹುಡುಕುವ ಉಪಾಯ ದೊರೆತದ್ದು, ಕ್ಯಾರಿ ಮುಲ್ಲಿಸ್ ೧೯೮೩ರಲ್ಲಿ ರೂಪಿಸಿದ, ವಂಶದ್ರವ್ಯದ ತುಣುಕನ್ನು ಕೋಟಿಗಟ್ಟಲೆ ಪ್ರತಿಮಾಡುವ ಪಿಸಿಆರ್ ವಿಧಾನದಿಂದ.

ಫಿಲಡೆಲ್ಫಿಯಾದ ಮೊರೆನೊ ಮತ್ತು ಸಂಗಡಿಗರು ೧೯೯೨ರಲ್ಲಿ ಈ ವಿಧಾನದಿಂದ ರೋಗಿಗಳ ರಕ್ತದಲ್ಲಿ ಪಿಎಸ್ಎ ಸಂದೇಶವನ್ನು ಗುರುತಿಸಿದರು. ಕೊಲಂಬಿಯಾ ವಿಶ್ವವಿದ್ಯಾಲಯದ ಏರನ್ ಕಾಟ್ಸ್ ಮತ್ತು ಸಂಗಡಿಗರು ೧೯೯೪ರಲ್ಲಿ ಅದನ್ನು ಪರಿಷ್ಕರಿಸಿ ‘ಆಣ್ವಿಕ ಹಂತನಿರ್ಣಯ’ ಎಂಬ ಪರಿಕಲ್ಪನೆಯನ್ನೇ ಮುಂದಿಟ್ಟರು. ಇದರ ಹಿಂದಿದ್ದ ಅಗತ್ಯ ನೈಜವಾದುದು. ಗ್ರಂಥಿಯ ಕವಚ ದಾಟಿದ ರೋಗಿಗೆ ಶಸ್ತ್ರಚಿಕಿತ್ಸೆ ಮಾಡಿದರೆ ದುಷ್ಪರಿಣಾಮ ಉಳಿಯುತ್ತದೆ, ರೋಗವೂ ಉಳಿಯಬಹುದು. ಬೆರಳಿನ ಸ್ಪರ್ಶ ಮತ್ತು ಅಂದಿನ ಚಿತ್ರಣ ವಿಧಾನಗಳು ಕವಚ ದಾಟಿದ್ದನ್ನು ಸರಿಯಾಗಿ ಹೇಳುತ್ತಿರಲಿಲ್ಲ. ಶಸ್ತ್ರಕ್ರಿಯೆಗೆ ಮುನ್ನ ತೋಳಿನಿಂದ ತೆಗೆದ ರಕ್ತವೇ ಅದನ್ನು ಹೇಳಬಲ್ಲುದಾದರೆ! ಪ್ರಾಸ್ಟೇಟ್ ಕೋಶದ ಮೇಲ್ಮೈಯಲ್ಲಿರುವ ಪಿಎಸ್ಎಂಎ ಎಂಬ ಇನ್ನೊಂದು ಪ್ರೋಟೀನಿನ ವಂಶವಾಹಿಯನ್ನು ೧೯೯೩ರಲ್ಲಿ ಪ್ರತ್ಯೇಕಿಸಿದ ಬಳಿಕ ಅದರ ಸಂದೇಶವನ್ನೂ ಹುಡುಕತೊಡಗಿದರು.

ಆ ಉತ್ಸಾಹ ಹೆಚ್ಚು ಕಾಲ ಬಾಳಲಿಲ್ಲ. ಒಂದು ಪ್ರಯೋಗಾಲಯದ ಫಲಿತಾಂಶ ಇನ್ನೊಂದರಲ್ಲಿ ಬರಲಿಲ್ಲ. ಪ್ರತಿಮಾಡುವ ಸುತ್ತುಗಳನ್ನು ಹೆಚ್ಚಿಸಿದಾಗ ರೋಗವಿಲ್ಲದವರ ರಕ್ತದಲ್ಲಿಯೂ ಸಂದೇಶ ಕಾಣಿಸಿಕೊಂಡಿತು. ಯಾವ ವಂಶವಾಹಿಯೂ ಯಾವ ಕೋಶದಲ್ಲಿಯೂ ಸಂಪೂರ್ಣ ಮೌನವಾಗಿರುವುದಿಲ್ಲ, ಅಲ್ಪಸ್ವಲ್ಪ ಗುನುಗುತ್ತಲೇ ಇರುತ್ತದೆ ಎಂಬುದು ಅದಕ್ಕೆ ವಿವರಣೆ. ಅಲೆಯುವ ಕೋಶವೆಲ್ಲ ನೆಲೆಯೂರಿ ಬೆಳೆಯುವುದಿಲ್ಲವೆಂಬುದು ಮತ್ತೂ ಮುಖ್ಯವಾದ ಮಾತು. ರಕ್ತದಲ್ಲಿ ಸಂದೇಶವಿದ್ದ ಎಷ್ಟೋ ರೋಗಿಗಳು ಶಸ್ತ್ರಚಿಕಿತ್ಸೆಯಿಂದ ಗುಣಮುಖರಾದರು. ಆಣ್ವಿಕ ಹಂತನಿರ್ಣಯ ಆ ರೂಪದಲ್ಲಿ ಆಸ್ಪತ್ರೆಯ ವಾಡಿಕೆಯಾಗಲಿಲ್ಲ. ಪಿಎಸ್ಎಂಎ ಮಾತ್ರ ಬೇರೊಂದು ದಾರಿಯಿಂದ ಮರಳಿ ಬಂದು, ರೋಗ ನೆಲೆಸಿದ ಜಾಗವನ್ನು ತೋರುವ ಚಿತ್ರಣದ ಗುರಿಯಾಗಿ, ೨೦೨೨ರಿಂದ ಅಮೆರಿಕದಲ್ಲಿ ವಿಕಿರಣ ಔಷಧವನ್ನು ತಲುಪಿಸುವ ವಿಳಾಸವಾಗಿ ಬಳಕೆಯಾಗುತ್ತಿದೆ.

ಹಂತನಿರ್ಣಯ ಸೂಕ್ಷ್ಮವಾದಷ್ಟೂ ಒಂದು ಭ್ರಮೆ ಹುಟ್ಟುತ್ತದೆಂಬುದನ್ನು ಯೇಲ್ ವಿಶ್ವವಿದ್ಯಾಲಯದ ಆಲ್ವನ್ ಫೈನ್‌ಸ್ಟೈನ್ ೧೯೮೫ರಲ್ಲಿ ಶ್ವಾಸಕೋಶದ ಕ್ಯಾನ್ಸರನ್ನು ಆಧರಿಸಿ ತೋರಿಸಿದ. ಅದಕ್ಕೆ ಆತ ಕೊಟ್ಟ ಹೆಸರು ‘ವಿಲ್ ರೋಜರ್ಸ್ ವಿದ್ಯಮಾನ’. ವಿಲ್ ರೋಜರ್ಸ್ ಅಮೆರಿಕದ ಜನಪ್ರಿಯ ಹಾಸ್ಯಗಾರ. ಬರದ ಕಾಲದಲ್ಲಿ ಓಕ್ಲಹಾಮಾದ ಜನ ಕ್ಯಾಲಿಫೋರ್ನಿಯಕ್ಕೆ ಗುಳೆ ಹೋದದ್ದರಿಂದ ಎರಡೂ ರಾಜ್ಯಗಳ ಬುದ್ಧಿಮಟ್ಟ ಏರಿತೆಂಬ ಚಾಟಿಕೆ ಅವನದೆಂದು ಪ್ರಚಲಿತವಾಗಿದೆ. ಗುಳೆ ಹೋದವರ ನೋವಿನ ಮೇಲೆ, ನೆರೆಯ ಊರಿನವರ ದಡ್ಡತನದ ಮೇಲೆ ಹುಟ್ಟುವ ಇಂಥ ಚಾಟಿಕೆಗಳು ನಮ್ಮ ಸೀಮೆಗಳಲ್ಲಿಯೂ ಇವೆ. ಅಂಥದೊಂದು ಸಂಖ್ಯಾಶಾಸ್ತ್ರದ ಪಾರಿಭಾಷಿಕವಾದದ್ದು ಅಪರೂಪ. ಆರು ರೋಗಿಗಳನ್ನು ಊಹಿಸಿಕೊಳ್ಳೋಣ. ಕೆಳ ಹಂತದ ಮೂವರು ೧೨, ೧೦, ೫ ವರ್ಷ ಬದುಕುತ್ತಾರೆ, ಸರಾಸರಿ ೯. ಮೇಲಿನ ಹಂತದ ಮೂವರು ೩, ೨, ೧ ವರ್ಷ, ಸರಾಸರಿ ೨. ಹೊಸ ಪರೀಕ್ಷೆ ೫ ವರ್ಷದವನ ರಕ್ತದಲ್ಲಿ ಅಲೆಮಾರಿ ಕೋಶ ಕಂಡು ಅವನನ್ನು ಮೇಲಿನ ಹಂತಕ್ಕೆ ಸೇರಿಸಿತೆನ್ನಿ. ಕೆಳ ಹಂತದ ಸರಾಸರಿ ೧೧ಕ್ಕೂ ಮೇಲಿನದು ೨.೭೫ಕ್ಕೂ ಏರುತ್ತದೆ. ಯಾರೊಬ್ಬರೂ ಒಂದು ದಿನವೂ ಹೆಚ್ಚು ಬದುಕಿಲ್ಲ. ಪೀಟರ್ ಆಲ್ಬರ್ಟ್‌ಸನ್ ಮತ್ತು ಸಂಗಡಿಗರು ೨೦೦೫ರಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನ ಹಳೆಯ ಅಂಗಾಂಶಗಳನ್ನು ಹೊಸ ರೂಢಿಯಂತೆ ಮರುವರ್ಗೀಕರಿಸಿ ಇದೇ ಭ್ರಮೆಯನ್ನು ನಿದರ್ಶಿಸಿದರು.

೬

ಈಚಿನ ಎರಡು ದಶಕಗಳಲ್ಲಿ ವಂಶವಾಹಿ ಕುರುಹುಗಳಿಗೆ ಹೆಚ್ಚು ಖಚಿತವಾದ ನೆಲೆ ದೊರೆತಿದೆ, ಪ್ರಶ್ನೆಗಳು ಕಿರಿದಾದ ಕಾರಣ. ರೋಗ ಹರಡಿದವರ ೭.೫ ಮಿಲಿಲೀಟರ್ ರಕ್ತದಲ್ಲಿ ಐದು ಅಥವಾ ಹೆಚ್ಚು ಗಂತಿಕೋಶಗಳಿದ್ದರೆ ಆಯುಷ್ಯ ಕಡಿಮೆಯೆಂದು ೨೦೦೮ರಲ್ಲಿ ಸ್ಥಾಪಿತವಾಯಿತು. ಆ ಕೋಶಗಳಲ್ಲಿ ಎಆರ್-ವಿ೭ ಎಂಬ ರೂಪಾಂತರಿತ ಸಂದೇಶವಿದ್ದ ರೋಗಿಗಳಿಗೆ ಎರಡು ಪ್ರಮುಖ ಹಾರ್ಮೋನ್ ಔಷಧಗಳಿಂದ ಪಿಎಸ್ಎ ಇಳಿಯಲಿಲ್ಲವೆಂದು ಜಾನ್ಸ್ ಹಾಪ್ಕಿನ್ಸ್‌ನ ಆಂಟೊನರಾಕಿಸ್ ತಂಡ ೨೦೧೪ರಲ್ಲಿ ೬೨ ರೋಗಿಗಳ ಅಧ್ಯಯನದಿಂದ ತೋರಿಸಿತು. ರೋಗ ಹರಡಿದ ೬೯೨ ಪುರುಷರಲ್ಲಿ ಶೇಕಡಾ ೧೧.೮ ಮಂದಿಗೆ ಡಿಎನ್ಎ ದುರಸ್ತಿಯ ವಂಶವಾಹಿಗಳಲ್ಲಿ ಹುಟ್ಟಿನಿಂದಲೇ ಬಂದ ದೋಷವಿದೆಯೆಂಬುದು ೨೦೧೬ರಲ್ಲಿ ತಿಳಿಯಿತು. ಇವುಗಳಲ್ಲಿ ಬಿಆರ್‌ಸಿಎ೨ ಪ್ರಧಾನವಾದುದು. ಸ್ತನ ಮತ್ತು ಅಂಡಾಶಯದ ಕ್ಯಾನ್ಸರಿನೊಂದಿಗೆ ಜನಮನದಲ್ಲಿ ಬೆಸೆದುಕೊಂಡಿದ್ದ ಈ ವ್ಯತ್ಯಯ ತಂದೆಯಿಂದ ಮಗಳಿಗೂ ತಾಯಿಯಿಂದ ಮಗನಿಗೂ ದಾಟಬಲ್ಲದು. ಇಂಥ ದೋಷವುಳ್ಳವರಿಗೆ ನೆರವಾಗುವ ಒಲಾಪರಿಬ್ ಮೊದಲಾದ ಔಷಧಗಳಿಗೆ ೨೦೨೦ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆತು, ಅದೇ ವರ್ಷ ರಕ್ತದಲ್ಲಿ ತೇಲುವ ಗಂತಿಯ ಡಿಎನ್ಎ ಚೂರುಗಳನ್ನು ಓದುವ ಪರೀಕ್ಷೆಯೂ ಮಾನ್ಯವಾಯಿತು. ಇಂಥ ಚೂರುಗಳು ರಕ್ತದಲ್ಲಿವೆಯೆಂದು ಸ್ಟ್ರಾಸ್‌ಬರ್ಗಿನ ಮ್ಯಾಂಡೆಲ್ ಮತ್ತು ಮೆಟೇ ೧೯೪೮ರಲ್ಲಿಯೇ ಬರೆದಿದ್ದರು. ಆಗ ಯಾರೂ ಕಿವಿಗೊಡಲಿಲ್ಲ.

ಪತ್ತೆಯ ವಿಷಯದಲ್ಲಿ ಒಂದು ಅಧ್ಯಯನ ಈ ಲೇಖಕನಿಗೆ ವಿಶೇಷವಾಗಿ ಪ್ರಿಯವಾದುದು. ಸ್ವೀಡನ್ನಿನ ಮಾಲ್ಮೊ ನಗರದಲ್ಲಿ ಬೇರೊಂದು ಉದ್ದೇಶಕ್ಕಾಗಿ ಸಂಗ್ರಹಿಸಿ ಶೈತ್ಯದಲ್ಲಿಟ್ಟಿದ್ದ ರಕ್ತವನ್ನು ದಶಕಗಳ ನಂತರ ತೆರೆದು ನೋಡಿದಾಗ, ಅರವತ್ತನೆಯ ವಯಸ್ಸಿನಲ್ಲಿ ಪಿಎಸ್ಎ ಮಟ್ಟ ೧ ಅಥವಾ ಕಡಿಮೆಯಿದ್ದವರು ಎಂಬತ್ತೈದರೊಳಗೆ ಈ ರೋಗದಿಂದ ಸಾಯುವ ಸಂಭವ ಕೇವಲ ಶೇಕಡಾ ೦.೨ ಎಂದು ೨೦೧೦ರಲ್ಲಿ ತಿಳಿದುಬಂದಿತು. ತಪಾಸಣೆ ಇನ್ನೂ ಇಲ್ಲದ ಕಾಲದ ರಕ್ತವದು. ಅದರ ಕಥೆಯ ಅಂತ್ಯ ಮರಣದಾಖಲೆಗಳಲ್ಲಿತ್ತು. ಯಾರದೋ ಹಾಡನ್ನು ಯಾವುದೋ ಉದ್ದೇಶಕ್ಕೆ ಧ್ವನಿಮುದ್ರಿಸಿಟ್ಟ ಸುರುಳಿ ಮೂವತ್ತು ವರ್ಷಗಳ ನಂತರ ಬೇರೆ ಪ್ರಶ್ನೆಗೆ ಉತ್ತರ ಕೊಡುವುದನ್ನು ಕಂಡವರಿಗೆ ಸಂಗ್ರಹಾಗಾರದ ಈ ಬೆಲೆ ತಿಳಿದೇ ಇದೆ.

ಹುಟ್ಟಿನಿಂದ ಬಂದ ನೂರಾರು ಸಣ್ಣ ವ್ಯತ್ಯಯಗಳನ್ನು ಕೂಡಿಸಿ ಅಪಾಯದ ಅಂಕವನ್ನು ಲೆಕ್ಕಹಾಕುವುದು ಈಗಿನ ದಾರಿ. ಸ್ಟಾಕ್‌ಹೋಮಿನ ಸಂಶೋಧಕರು ೨೦೧೫ರಲ್ಲಿ ೨೩೨ ವ್ಯತ್ಯಯಗಳನ್ನೂ ರಕ್ತದ ಪ್ರೋಟೀನುಗಳನ್ನೂ ಜೋಡಿಸಿದರು. ಬ್ರಿಟನ್ನಿನಲ್ಲಿ ೨೦೨೫ರಲ್ಲಿ ಪ್ರಕಟವಾದ ಅಧ್ಯಯನವೊಂದು ೧೩೦ ವ್ಯತ್ಯಯಗಳನ್ನು ರಕ್ತದ ಬದಲು ಜೊಲ್ಲಿನಲ್ಲಿಯೇ ಓದಿತು. ಅದರಲ್ಲಿ ಭಾಗವಹಿಸಿದವರು ಯುರೋಪಿಯನ್ ಮೂಲದವರು. ಹಲವು ಜನಸಮುದಾಯಗಳನ್ನು ಒಳಗೊಳ್ಳಲೆಂದೇ ನಡೆದು ೨೦೨೧ರಲ್ಲಿ ಪ್ರಕಟಗೊಂಡ, ೨೬೯ ವ್ಯತ್ಯಯಗಳನ್ನು ಪಟ್ಟಿಮಾಡಿದ ವಿಶ್ಲೇಷಣೆಯಲ್ಲಿ ೧,೦೭,೨೪೭ ರೋಗಿಗಳಿದ್ದರು. ಅವರಲ್ಲಿ ೮೫,೫೫೪ ಮಂದಿ ಯುರೋಪಿಯನ್, ೧೦,೩೬೮ ಮಂದಿ ಆಫ್ರಿಕನ್, ೮,೬೧೧ ಮಂದಿ ಪೂರ್ವ ಏಷ್ಯಾ, ೨,೭೧೪ ಮಂದಿ ಹಿಸ್ಪ್ಯಾನಿಕ್ ಮೂಲದವರು. ದಕ್ಷಿಣ ಏಷ್ಯಾದವರೆಂಬ ಕಲಮು ಆ ಕೋಷ್ಟಕದಲ್ಲಿಲ್ಲ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ಜನಸಂಖ್ಯಾಧಾರಿತ ಕ್ಯಾನ್ಸರ್ ನೋಂದಣಿ ೧೯೮೨ರಿಂದ ನಡೆದುಬಂದಿದ್ದು, ರೋಗಿಗಳ ಎಣಿಕೆಯ ದೀರ್ಘ ದಾಖಲೆ ನಮ್ಮಲ್ಲಿಯೂ ಇದೆ. ಆದರೆ ಎಣಿಕೆ ಬೇರೆ, ಮಾಲ್ಮೊ ಮಾದರಿಯಲ್ಲಿ ರಕ್ತವನ್ನು ಕಾಪಿಟ್ಟು ಕಾಯುವುದು ಬೇರೆ. ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ನಾಳೆ ಇಂಥ ಅಂಕದ ಚೀಟಿ ಪಡೆಯುವವನ ಅಪಾಯವನ್ನು ಅಳೆಯುವುದು ಈ ನಾಲ್ಕು ಗುಂಪುಗಳ ರಕ್ತದಿಂದ ಕಟ್ಟಿದ ಅಳತೆಗೋಲಿನಿಂದ.